ನಮ್ಮ ಹೆದ್ದಾರಿಯ ಆ ತುದಿ: ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ಮೂರು ದಿನ

ಶಿಗ್ಗಾಂವದ ಮಗ್ಗುಲಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಮಟ್ಟಿಗೆ ಹುಬ್ಬಳ್ಳಿ ರಸ್ತೆ, ಹಾವೇರಿ ರಸ್ತೆ, ಹೆಚ್ಚೆಂದರೆ ಬೆಂಗಳೂರು ರಸ್ತೆ. ಹಳಬರ ಬಾಯಲ್ಲಿ ಅದು ಇವತ್ತಿಗೂ ಎನ್ನೆಚ್ ಫೋರ್. ದಕ್ಷಿಣಕ್ಕೆ ಹೊರಟರೆ ಬಂಕಾಪುರ, ಹಾವೇರಿ, ರಾಣೇಬೆನ್ನೂರು, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರು ಮುಟ್ಟುತ್ತದೆ. ಅಲ್ಲಿಗೆ ನಮ್ಮ ಲೆಕ್ಕ ಮುಗಿಯುತ್ತದೆ, ರಸ್ತೆಯದು ಮುಗಿಯುವುದಿಲ್ಲ. ಹೊಸೂರು, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರದ ಕಡೆಯಿಂದ ಸಾಗಿ ಚೆನ್ನೈ ಇನ್ನೇನು ಬಂತು ಅನ್ನುವಾಗ ಶ್ರೀಪೆರಂಬುದೂರಿನ ಪಕ್ಕ ಇರುಂಗಾಟ್ಟುಕೋಟ್ಟೈ ಎಂಬ ಊರು ಸಿಗುತ್ತದೆ. ಹ್ಯುಂಡೈ ಕಾರ್ಖಾನೆ ಇರುವ ಕೈಗಾರಿಕಾ ಪ್ರದೇಶ ಅದು. ಅಲ್ಲೇ ಭಾರತದ ಮೋಟರ್‌ಸೈಕಲ್ ರೇಸಿನ ಮುಖ್ಯ ಅಂಗಳ, ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಶಿಗ್ಗಾಂವದಿಂದ ಹತ್ತಿರ ಹತ್ತಿರ ಏಳುನೂರು ಕಿಲೋಮೀಟರ್. ಬೇರೆ ಹೆದ್ದಾರಿ ಹಿಡಿಯುವ ಅಗತ್ಯವೇ ಇಲ್ಲ.

ಈ ಭೂಗೋಳ ನನ್ನನ್ನು ಬಹಳ ದಿನ ಕಾಡಿದೆ. ಹೆದ್ದಾರಿಯ ನಮ್ಮ ಕಡೆ, ಸರ್ವಿಸ್ ರಸ್ತೆಯಲ್ಲಿ ಸಂಜೆ ಹೊತ್ತು ಹುಡುಗರು ಮುಂದಿನ ಗಾಲಿ ಎತ್ತಿ ಬೈಕ್ ಓಡಿಸುತ್ತಾರೆ, ಒಬ್ಬರಿಗೊಬ್ಬರು ಪಂಥ ಕಟ್ಟುತ್ತಾರೆ. ಎದುರಿನಿಂದ ಮೆಣಸಿನಕಾಯಿ ಚೀಲ ಹೇರಿಕೊಂಡ ಟೆಂಪೋ ಬರಬಹುದು, ಹೊಲದಿಂದ ಮರಳುವ ಎತ್ತಿನ ಗಾಡಿ ಬರಬಹುದು. ಅದೇ ರಸ್ತೆಯ ಆ ಕಡೆ, ಅದೇ ವಯಸ್ಸಿನ ಹುಡುಗರು ಅದೇ ನಮೂನೆಯ ಬೈಕುಗಳನ್ನು ಇನ್ನೂ ಹೆಚ್ಚು ವೇಗವಾಗಿ ಓಡಿಸುತ್ತಾರೆ. ಇಬ್ಬರ ನಡುವಿನ ಅಂತರ ಧೈರ್ಯದ್ದಲ್ಲ, ಏರ್ಪಾಡಿನದು. ಆ ಏರ್ಪಾಡು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದೇ ರಾಷ್ಟ್ರೀಯ ಮೋಟರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಷಿಪ್‌ನ ಒಂದು ಸುತ್ತು ನಡೆಯುವ ವಾರಾಂತ್ಯಕ್ಕೆ ಇಲ್ಲಿಗೆ ಬಂದೆ.

ಟ್ರ್ಯಾಕಿನ ಉದ್ದ 3.717 ಕಿಲೋಮೀಟರ್, ತಿರುವುಗಳು 12. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಇದನ್ನು ಕಟ್ಟಿ 1990ರಲ್ಲಿ ಆರಂಭಿಸಿತು. ಕ್ಲಬ್ಬಿಗೆ ಅದಕ್ಕಿಂತ ಹೆಚ್ಚು ವಯಸ್ಸು, ಅದು ಹುಟ್ಟಿದ್ದು 1953ರಲ್ಲಿ. ಸ್ವಂತ ಟ್ರ್ಯಾಕ್ ಇಲ್ಲದ ಕಾಲದಲ್ಲಿ ಚೆನ್ನೈನ ಉತ್ತರಕ್ಕಿರುವ ಷೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ರೇಸ್ ನಡೆಸುತ್ತಿದ್ದರು. ದಶಕಗಟ್ಟಲೆ ಬೇರೊಬ್ಬರ ಓಡುದಾರಿಯಲ್ಲಿ ಆಡಿದ ಮೇಲೆ ತಮ್ಮದೇ ನೆಲ ಮಾಡಿಕೊಂಡವರು ಅವರು. ಇದನ್ನು ಸರ್ಕಾರವಾಗಲಿ ದೊಡ್ಡ ಕಂಪನಿಯಾಗಲಿ ಕಟ್ಟಲಿಲ್ಲ, ಆಸಕ್ತರ ಒಂದು ಕ್ಲಬ್ ಕಟ್ಟಿತು. ಕರ್ನಾಟಕದವರಾದ ನಾವು ಗಮನಿಸಬೇಕಾದ ಸಂಗತಿ ಇದು ಅನ್ನಿಸಿತು. ನಮ್ಮಲ್ಲಿ ಈ ಪ್ರಮಾಣದ ಡಾಂಬರು ಟ್ರ್ಯಾಕ್ ಇವತ್ತಿಗೂ ಇಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಕೂಡ ತಮಿಳುನಾಡಿನದೇ.

ಶುಕ್ರವಾರ ಬೆಳಿಗ್ಗೆ, ತಂಡಗಳು ಬೈಕ್ ಸಜ್ಜುಗೊಳಿಸುವ ಅಂಗಳವಾದ ಪ್ಯಾಡಕ್ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಪೆಟ್ರೋಲ್ ಮತ್ತು ಕಾದ ರಬ್ಬರಿನ ವಾಸನೆ. ಹಿಂದಿನ ಗಾಲಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿದ ಬೈಕುಗಳ ಸಾಲು. ಪ್ರತಿ ಬೈಕಿನ ಸುತ್ತ ಮೂರ್ನಾಲ್ಕು ಮಂದಿ. ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ಕೊಬ್ಬರಿ ಹೋರಿ ಹಬ್ಬಕ್ಕೆ ಹೋರಿ ತಯಾರು ಮಾಡುವ ಮನೆಯಂಗಳದ ಸಂಭ್ರಮ, ಆತಂಕ ಎರಡೂ ಇಲ್ಲಿವೆ. ಯಾರೂ ಕೂತಿಲ್ಲ, ಎಲ್ಲರ ಕೈಯೂ ಎಲ್ಲೋ ಒಂದು ಕಡೆ ತಡವುತ್ತಿದೆ.

ಕಂಪನಿ ತಂಡಗಳ ಪಿಟ್‌ಗಳಲ್ಲಿ ಶಿಸ್ತು ಎದ್ದು ಕಾಣುತ್ತದೆ. ಟಿವಿಎಸ್ ರೇಸಿಂಗ್ 1982ರಿಂದ ಈ ಆಟದಲ್ಲಿದೆ. ಹೊಸೂರಿನ ಅದೇ ಕಂಪನಿಯ ಎಕ್ಸೆಲ್ ಗಾಡಿಯ ಮೇಲೆ ನಮ್ಮ ಸಂತೆಗೆ ಹುಲ್ಲಿನ ಹೊರೆ, ಹಾಲಿನ ಕ್ಯಾನು, ಕಾಯಿಪಲ್ಲೆ ಬುಟ್ಟಿ ಎಲ್ಲ ಬರುತ್ತವೆ. ಇಲ್ಲಿ ಅದರ ಅಪಾಚಿ ಬೈಕುಗಳು ದೀಪ, ಕನ್ನಡಿ, ಇಂಡಿಕೇಟರ್, ಸೈಡ್ ಸ್ಟ್ಯಾಂಡ್ ಎಲ್ಲ ಕಳಚಿಕೊಂಡು ನಿಂತಿವೆ. ಹೋಂಡಾ, ಯಮಹಾ, ರಾಯಲ್ ಎನ್‌ಫೀಲ್ಡ್ ಹೆಸರೂ ಈ ಟ್ರ್ಯಾಕಿಗೆ ಹೊಸದಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ ಬೈಕುಗಳನ್ನು ಎಲ್ಲರಿಗೂ ಕೊಟ್ಟು ಓಡಿಸುವ ವಿಭಾಗವೂ ಉಂಟು. ಗಾಡಿ ಒಂದೇ ಆಗಿರುವುದರಿಂದ ಅಲ್ಲಿ ವ್ಯತ್ಯಾಸ ತೋರುವುದು ಸವಾರನ ಕೈಯಲ್ಲಿ. ನನಗೆ ಎಲ್ಲಕ್ಕಿಂತ ಹೆಚ್ಚು ರುಚಿಸಿದ್ದು ಆ ವಿಭಾಗ.

ಕಂಪನಿಯ ಬೆಂಬಲವಿಲ್ಲದೆ ಸ್ವಂತ ದುಡ್ಡಲ್ಲಿ ಬಂದವರ ಜಾಗ ಇನ್ನೊಂದು ತುದಿಗೆ. ಅಲ್ಲಿ ಒಬ್ಬ ಮೆಕ್ಯಾನಿಕ್ ನೆಲದ ಮೇಲೆ ಕೂತು ಎಂಜಿನ್ನಿನ ಆಯಿಲ್ ನಟ್ಟಿಗೆ ಸಣ್ಣ ಉಕ್ಕಿನ ತಂತಿ ಪೋಣಿಸಿ ಇಕ್ಕಳದಲ್ಲಿ ತಿರುಚುತ್ತಿದ್ದರು. ಪಕ್ಕದವನಿಗೆ ಏನೋ ಹೇಳಿದಾಗ ಮಾತಿನ ಧಾಟಿ ಕಿವಿಗೆ ಬಿತ್ತು. ಹುಬ್ಬಳ್ಳಿ ಕಡೆಯವರು, ಬೆಂಗಳೂರಿನಲ್ಲಿ ಗ್ಯಾರೇಜು. ನಾನು ಶಿಗ್ಗಾಂವದವನು ಅಂದದ್ದೇ ತಡ, "ಹೌದನ್ರಿ! ಕೂಡ್ರಿ, ಕೂಡ್ರಿ" ಎಂದು ಡಬ್ಬಿಯೊಂದನ್ನು ತಿರುವಿ ಹಾಕಿದರು. ತಂತಿ ಯಾಕೆ ಅಂತ ಕೇಳಿದೆ.

"ಎಣ್ಣಿ ಒಂದ್ ಹನಿ ಟ್ರ್ಯಾಕಿನ ಮ್ಯಾಲೆ ಬಿದ್ದರ ಹಿಂದ ಬರಾವ್ರು ಸಾಲಾಗಿ ಜಾರಿ ಬೀಳ್ತಾರ್ರಿ. ನಟ್ ತಾನಾಗೆ ಸಡ್ಲ ಆಗಬಾರ್ದು, ಅದಕ್ಕ ಈ ತಂತಿ. ನಮ್ಮ ಗಾಡಿ ಬಗ್ಗಿ ಅಲ್ರಿ ಇದು, ಹಿಂದ ಬರಾವ್ನ ಜೀವದ ಬಗ್ಗಿ."

ತಾಂತ್ರಿಕ ತಪಾಸಣೆಯ ಸಾಲಿನಲ್ಲಿ ನಿಂತಾಗ ಆ ಮಾತು ಇನ್ನಷ್ಟು ಅರ್ಥವಾಯಿತು. ತಪಾಸಣೆ ಮಾಡುವವರು ಪ್ರತಿ ತಂತಿಯನ್ನೂ ಬೆರಳಿನಿಂದ ಎಳೆದು ನೋಡುತ್ತಾರೆ. ಬ್ರೇಕ್ ಹಿಡಿಯ ತುದಿಗೆ ರಕ್ಷಣಾ ಪಟ್ಟಿ ಇದೆಯೇ, ಪಕ್ಕದವನಿಗೆ ತಾಗಿದರೆ ಬ್ರೇಕ್ ತಾನಾಗಿ ಒತ್ತಿಕೊಳ್ಳದಂತೆ? ಚೈನಿಗೂ ಹಲ್ಲುಗಾಲಿಗೂ ನಡುವೆ ಬೆರಳು ಸಿಕ್ಕಿಕೊಳ್ಳದಂತೆ ಮರೆ ಇದೆಯೇ? ಎಂಜಿನ್ನಿನ ಕೆಳಗಿನ ತೊಟ್ಟಿ ಸೋರಿದ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆಯೇ? ಬೈಕ್ ಆದಮೇಲೆ ಸವಾರನ ಸರದಿ. ಹೆಲ್ಮೆಟ್, ಚರ್ಮದ ಸೂಟ್, ಬೆನ್ನಿನ ರಕ್ಷಾಕವಚ, ಮಣಿಕಟ್ಟು ದಾಟುವ ಕೈಗವಸು, ಕಣಕಾಲು ಮುಚ್ಚುವ ಬೂಟು. ಒಂದು ಕಡಿಮೆಯಾದರೂ ಟ್ರ್ಯಾಕಿಗೆ ಬಿಡುವುದಿಲ್ಲ. ಬಿಸಿಲು ಬೆಂಕಿಯಂತೆ ಸುರಿಯುವ ಈ ಊರಲ್ಲಿ ಆ ಸೂಟು ಹಾಕಿ ರೇಸ್ ಹೊರಡುವ ಸಾಲಾದ ಗ್ರಿಡ್ಡಿನಲ್ಲಿ ಎರಡು ನಿಮಿಷ ನಿಲ್ಲುವುದೇ ಒಂದು ಶಿಕ್ಷೆ. ಯಾರೂ ಜಿಪ್ ಇಳಿಸಿದ್ದನ್ನು ನಾನು ಕಾಣಲಿಲ್ಲ.

ವಾರಾಂತ್ಯದ ಲೆಕ್ಕ ಸರಳ. ಮೊದಲು ಅಭ್ಯಾಸ, ಆಮೇಲೆ ಅರ್ಹತಾ ಓಟ, ಆ ಸಮಯದ ಪ್ರಕಾರ ಗ್ರಿಡ್ಡಿನಲ್ಲಿ ಜಾಗ, ಶನಿವಾರ ಮತ್ತು ಭಾನುವಾರ ರೇಸುಗಳು. ರೇಸ್ ಅಂದರೆ ಆರೆಂಟು ಸುತ್ತು. ಒಂದು ಸುತ್ತಿಗೆ ಎರಡು ನಿಮಿಷದ ಆಸುಪಾಸು. ಹೆಚ್ಚುಕಡಿಮೆ ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಆ ಹದಿನೈದು ನಿಮಿಷಕ್ಕಾಗಿ ತಿಂಗಳುಗಟ್ಟಲೆ ವ್ಯಾಯಾಮ, ಊಟದಲ್ಲಿ ಪಥ್ಯ, ಸಾಲ, ಕೆಲಸಕ್ಕೆ ರಜೆ.

ಮೊದಲನೆಯ ತಿರುವನ್ನು ಇಲ್ಲಿ ಎಲ್ಲರೂ ಸಿ-ಒನ್ ಎನ್ನುತ್ತಾರೆ. ನೇರ ದಾರಿಯಲ್ಲಿ ವೇಗ ಪೂರ್ತಿ ಏರಿದ ಮೇಲೆ ಬರುವ ಬಲ ತಿರುವು ಅದು. ಮಾಧ್ಯಮದವರಿಗೆ ಬಿಟ್ಟ ಬೇಲಿಯ ಆಚೆ ನಿಂತು ನೋಡಿದೆ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 42 ಮೀಟರ್ ಓಡುತ್ತದೆ. ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾದರೆ 21 ಮೀಟರ್ ಹೆಚ್ಚಿಗೆ ಹೋದ ಹಾಗೆ. ಅಂದರೆ ತಿರುವಿನ ಹೊರಗೆ. ಹೀಗಾಗಿ ಪ್ರತಿಯೊಬ್ಬ ಸವಾರನೂ ಡಾಂಬರಿನ ಮೇಲಿನ ಕಲೆ, ಬೇಲಿಯ ಗೂಟ, ಬೋರ್ಡಿನ ಮೂಲೆ ಹೀಗೆ ಏನಾದರೊಂದನ್ನು ಗುರುತು ಇಟ್ಟುಕೊಂಡು, ಪ್ರತಿ ಸುತ್ತಿನಲ್ಲೂ ಅಲ್ಲೇ ಬ್ರೇಕ್ ಹಿಡಿಯುತ್ತಾನೆ. ದೂರದಿಂದ ಹುಚ್ಚು ಸಾಹಸದ ಹಾಗೆ ಕಾಣುವ ಇದರ ಒಳಗೆ ಇರುವುದು ಒಂದೇ ಕೆಲಸವನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒಂದೇ ಥರ ಮಾಡುವ ತಾಳ್ಮೆ.

ತಿರುವಿನೊಳಗೆ ಬೈಕ್ ವಾಲುತ್ತದೆ, ಸವಾರ ಅದಕ್ಕಿಂತ ಹೆಚ್ಚು ವಾಲುತ್ತಾನೆ. 80 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಾಯಬೇಕಾದರೆ ಗಾಡಿ ಮತ್ತು ಸವಾರನ ಒಟ್ಟು ಭಾರ 45 ಡಿಗ್ರಿಯಷ್ಟು ಒಳಕ್ಕೆ ಬಾಗಲೇಬೇಕು. ಶಾಲೆಯ ಭೌತಶಾಸ್ತ್ರದ ಲೆಕ್ಕ ಇದು, ಇದರಿಂದ ಯಾರಿಗೂ ವಿನಾಯಿತಿ ಇಲ್ಲ. ಸವಾರ ಮೈಯನ್ನು ಸೀಟಿನಿಂದ ಒಳಗಡೆಗೆ ಇಳಿಸಿ, ಮೊಣಕಾಲನ್ನು ನೆಲಕ್ಕೆ ತಾಗಿಸಿದರೆ ಭಾರದ ಕೇಂದ್ರ ಒಳಕ್ಕೆ ಸರಿಯುತ್ತದೆ, ಬೈಕ್ ಕೊಂಚ ಕಡಿಮೆ ವಾಲಿದರೂ ಸಾಕಾಗುತ್ತದೆ. ಮೊಣಕಾಲಿಗೆ ಕಟ್ಟಿಕೊಂಡ ಪ್ಲಾಸ್ಟಿಕ್ ತುಂಡು ನೆಲಕ್ಕೆ ಉಜ್ಜುವ ಸದ್ದು ಎಂಜಿನ್ನಿನ ಸದ್ದಿನ ಅಡಿಯಲ್ಲಿ ಸಣ್ಣಗೆ ಕೇಳುತ್ತದೆ. ನಮ್ಮೂರಿನ ಹುಡುಗರು ವಿಡಿಯೊದಲ್ಲಿ ನೋಡಿ ಮಾಡಲು ಹೋಗುವುದು ಇದನ್ನೇ. ಮರಳು ಚೆಲ್ಲಿದ, ಗುಂಡಿ ಬಿದ್ದ, ಎದುರು ವಾಹನ ಬರುವ ರಸ್ತೆಯಲ್ಲಿ ಆ ಲೆಕ್ಕ ಕೂಡುವುದಿಲ್ಲ.

ತಿರುವಿನ ಹೊರಗೆ ಹುಲ್ಲು, ಜಲ್ಲಿ, ಅದರಾಚೆ ಟೈರುಗಳ ಗೋಡೆ. ಅಲ್ಲಲ್ಲಿ ಬಾವುಟ ಹಿಡಿದ ಮಾರ್ಷಲ್‌ಗಳು. ಹಳದಿ ಬೀಸಿದರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕುವಂತಿಲ್ಲ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ದಾರಿ ಜಾರುತ್ತದೆ. ಕಪ್ಪು ಬಟ್ಟೆಯ ಮೇಲೆ ಕಿತ್ತಳೆ ಬಿಲ್ಲೆ ಇದ್ದು ಜತೆಗೆ ನಂಬರ್ ತೋರಿಸಿದರೆ ಆ ಸವಾರನ ಬೈಕಿನಲ್ಲಿ ದೋಷ, ಕೂಡಲೇ ಟ್ರ್ಯಾಕ್ ಬಿಡಬೇಕು. ಕೆಂಪು ಬಾವುಟ ಬಂದರೆ ರೇಸೇ ನಿಂತಿತು. ದಿನವಿಡೀ ಬಿಸಿಲಲ್ಲಿ ನಿಲ್ಲುವ ಈ ಮಾರ್ಷಲ್‌ಗಳ ಕಡೆ ಪ್ರೇಕ್ಷಕರ ಗಮನ ಹೋಗುವುದಿಲ್ಲ. ಸವಾರರು ಮಾತ್ರ ರೇಸ್ ಮುಗಿಸಿ ನಿಧಾನವಾಗಿ ಮರಳುವಾಗ ಒಬ್ಬೊಬ್ಬ ಮಾರ್ಷಲ್‌ಗೂ ಕೈ ಎತ್ತಿ ಹೋಗುತ್ತಾರೆ.

ಇದೇ ಸಿ-ಒನ್ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 2023ರ ಆಗಸ್ಟ್ 5, ಶನಿವಾರ. ಚಾಂಪಿಯನ್‌ಷಿಪ್‌ನ ಮೂರನೇ ಸುತ್ತು. ಹೊಸಬರ ವಿಭಾಗದ ರೇಸ್ ಆರಂಭವಾದ ಸ್ವಲ್ಪ ಹೊತ್ತಿಗೆ, ಮೊದಲ ತಿರುವಿನಿಂದ ಹೊರಬರುವಲ್ಲಿ ಬೆಂಗಳೂರಿನ ಶ್ರೇಯಸ್ ಹರೀಶ್ ಬಿದ್ದ. ತಲೆಗೆ ಭಾರಿ ಪೆಟ್ಟಾಯಿತು. ರೇಸ್ ನಿಂತಿತು. ಟ್ರ್ಯಾಕಿನಲ್ಲೇ ಇದ್ದ ಆಂಬುಲೆನ್ಸ್ ಆಸ್ಪತ್ರೆಗೆ ಒಯ್ದರೂ ಅವನು ಉಳಿಯಲಿಲ್ಲ. ಅಂದು ಬೆಳಿಗ್ಗೆಯಷ್ಟೇ ಅರ್ಹತಾ ಓಟದಲ್ಲಿ ಎಲ್ಲರಿಗಿಂತ ಮುಂದಿನ ಜಾಗ ಪಡೆದಿದ್ದ. ಆ ಋತುವಿನಲ್ಲಿ ಸತತ ನಾಲ್ಕು ರೇಸ್ ಗೆದ್ದಿದ್ದ. ಅದಕ್ಕೂ ಮುಂಚೆ ಸಣ್ಣ ಬೈಕುಗಳ ಮಿನಿ ಜಿಪಿ ಇಂಡಿಯಾ ಗೆದ್ದು ಸ್ಪೇನಿನಲ್ಲಿ ದೇಶದ ಪರವಾಗಿ ಓಡಿ ಬಂದಿದ್ದ. ವಯಸ್ಸು 13. ಹುಟ್ಟುಹಬ್ಬ ಕಳೆದು ಎರಡು ವಾರವೂ ಆಗಿರಲಿಲ್ಲ. ಆ ವಾರಾಂತ್ಯದ ಉಳಿದ ರೇಸುಗಳನ್ನೆಲ್ಲ ರದ್ದು ಮಾಡಿದರು.

ಆ ಜಾಗ ನೋಡುತ್ತ ನಿಂತಾಗ ಏರ್ಪಾಡಿನ ಬಗ್ಗೆ ನಾನು ಹೇಳಿಕೊಂಡು ಬಂದದ್ದೆಲ್ಲ ಮತ್ತೆ ತೂಗಿ ನೋಡಬೇಕಾಯಿತು. ತಂತಿ ಕಟ್ಟಿದ ನಟ್ಟು, ಚರ್ಮದ ಸೂಟು, ಬಾವುಟ, ಆಂಬುಲೆನ್ಸ್ ಎಲ್ಲ ಇದ್ದೂ ಒಂದು ಮಗು ಹೋಯಿತು. ವೇಗ ಎರಡು ಪಟ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಯಾವ ಹೆಲ್ಮೆಟ್ಟೂ ಇದನ್ನು ಪೂರ್ತಿ ತಡೆಯಲಾರದು. ವಿದೇಶದಲ್ಲೂ ಇದೇ ನೋವಿನಿಂದ ನಿಯಮ ಬದಲಾಯಿತು. 2021ರಲ್ಲಿ ಯುರೋಪಿನ ಟ್ರ್ಯಾಕುಗಳಲ್ಲಿ ಹದಿಹರೆಯದ ಮೂವರು ಸತ್ತ ಮೇಲೆ ವಿಶ್ವ ಗ್ರ್ಯಾನ್ ಪ್ರೀ ರೇಸುಗಳಿಗೆ ಕನಿಷ್ಠ ವಯಸ್ಸನ್ನು 2023ರಿಂದ 18ಕ್ಕೆ ಏರಿಸಿದರು. ಆದರೆ ಆ ಮಟ್ಟ ಮುಟ್ಟಬೇಕಾದರೆ ಮಕ್ಕಳಿದ್ದಾಗಲೇ ಕಲಿಕೆ ಶುರುವಾಗಬೇಕು ಎಂಬುದೂ ಸುಳ್ಳಲ್ಲ. ನನ್ನ ಅಭಿಪ್ರಾಯ ಇಷ್ಟು. ಹದಿಮೂರರ ವಯಸ್ಸಿಗೆ ಸಣ್ಣ ಟ್ರ್ಯಾಕ್, ಸಣ್ಣ ಬೈಕ್ ಸಾಕು, ನೂರು ದಾಟುವ ಗಾಡಿಯ ಮೇಲೆ ಗುಂಪಿನಲ್ಲಿ ಓಡುವುದು ಬೇಡ. ಸಣ್ಣ ಬೈಕಿನ ಮಿನಿ ಜಿಪಿಯಂಥ ಮೆಟ್ಟಿಲು ಈಗಾಗಲೇ ಇದೆ. ಮಕ್ಕಳನ್ನು ಆ ಮೆಟ್ಟಿಲ ಮೇಲೆ ಇನ್ನೂ ಕೆಲವು ವರ್ಷ ನಿಲ್ಲಿಸಿಕೊಂಡರೆ ಆಟಕ್ಕೆ ನಷ್ಟವೇನೂ ಇಲ್ಲ.

ಊರಿನ ಕಡೆಯ ಕಾನೂನನ್ನೂ ಇಲ್ಲೇ ನೆನೆಯಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತನ ಕೈಗೆ ಗಾಡಿ ಕೊಟ್ಟು ಅವನು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಸಾರ್ವಜನಿಕ ರಸ್ತೆಯಲ್ಲಿ ಪಂಥ ಕಟ್ಟಿ ಓಡಿಸಿದರೆ ಮೊದಲ ಸಲ 5 ಸಾವಿರದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಹಾಕುವುದು ಸರಿಯೇ. ಆದರೆ 'ಇಲ್ಲಿ ಬೇಡ' ಅನ್ನುವ ನಾವು 'ಅಲ್ಲಿ ಹೋಗು' ಎಂದು ತೋರಿಸಲು ಹತ್ತಿರದಲ್ಲಿ ಒಂದು ಜಾಗವನ್ನೂ ಇಟ್ಟಿಲ್ಲ.

ಡಾಂಬರಿನ ದೊಡ್ಡ ಟ್ರ್ಯಾಕ್ ಇಲ್ಲದ ಕರ್ನಾಟಕದ ಹೆಸರನ್ನು ಜಗತ್ತಿಗೆ ಮುಟ್ಟಿಸಿದವರಲ್ಲಿ ಮೂವರು ಮಣ್ಣಿನ ದಾರಿಯಲ್ಲೇ ಬೆಳಗಿದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ ಮೋಟರ್‌ಸೈಕಲ್ ಸವಾರ, ಮೊದಲ ಯತ್ನದಲ್ಲೇ 36ನೆಯವರಾಗಿ ಮುಗಿಸಿದರು. 2021ರ ಡಕಾರಿನಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ಅವರನ್ನು ಕೆಲವು ದಿನ ಔಷಧಿಯಿಂದ ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ಉಡುಪಿಯ ಕೆ.ಪಿ. ಅರವಿಂದ್ ಅವರನ್ನು ಕನ್ನಡಿಗರು ಬಿಗ್ ಬಾಸ್ ಮನೆಯಲ್ಲಿ ನೋಡುವ ಮುಂಚೆಯೇ ಅವರು ಡಕಾರ್ ಮರಳುಗಾಡು ಕಂಡಿದ್ದರು, 2019ರಲ್ಲಿ 37ನೆಯವರಾಗಿ ಪೂರ್ಣಗೊಳಿಸಿದರು. ಅದೇ 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಮೋಟರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು. ಐಶ್ವರ್ಯಾ ಡಾಂಬರಿನ ಟ್ರ್ಯಾಕಿನಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಸಂತೋಷ್ ಅವರಂತೂ ಕೋಲಾರದ ಹತ್ತಿರ ಬಿಗ್‌ರಾಕ್ ಡರ್ಟ್‌ಪಾರ್ಕ್ ಎಂಬ ಮಣ್ಣಿನ ಮೈದಾನ ಕಟ್ಟಿ ಬೇರೆಯವರಿಗೂ ಕಲಿಸಲು ಹೊರಟರು. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ ನಡೆಯುತ್ತದೆ. ಮಣ್ಣಿಗೆ ನಮ್ಮಲ್ಲಿ ಬರವಿಲ್ಲ. ಹಾವೇರಿ ಜಿಲ್ಲೆಯಲ್ಲೂ ಇಲ್ಲ. ಎರಡು ಎಕರೆ ಗೋಮಾಳದ ಮೂಲೆ, ಒಬ್ಬ ತಿಳಿದ ತರಬೇತುದಾರ, ಒಂದು ಆಂಬುಲೆನ್ಸ್ ಇದ್ದರೂ ಆರಂಭಕ್ಕೆ ಸಾಕು ಎನ್ನುವುದು ಇಲ್ಲಿ ನಾನು ಮಾತಾಡಿಸಿದ ಸವಾರರ ಮಾತು.

ಭಾನುವಾರದ ಹುಡುಗಿಯರ ರೇಸಿನ ಕೊನೆಯ ಸುತ್ತನ್ನು ಪಿಟ್ ಗೋಡೆಯ ಬಳಿ ನಿಂತು ನೋಡಿದೆ. ಇಬ್ಬರು ಒಬ್ಬರ ಹಿಂದೊಬ್ಬರು ಅಂಟಿಕೊಂಡೇ ಬಂದರು. ಹಿಂದಿನವಳು ನೇರ ದಾರಿಯಲ್ಲಿ ಮುಂದಿನವಳ ಗಾಳಿಮರೆಯಲ್ಲಿ ಮೈ ಮುದುಡಿ ಕೂತು, ಗೆರೆ ಇನ್ನು ಸ್ವಲ್ಪ ಇದೆ ಎನ್ನುವಾಗ ಪಕ್ಕಕ್ಕೆ ಸರಿದಳು. ಮುಂದಿರುವವರು ಗಾಳಿಯನ್ನು ಸೀಳುವ ಶ್ರಮ ಹೊರುತ್ತಾರೆ, ಹಿಂದಿನವರಿಗೆ ಅಷ್ಟು ಶ್ರಮ ಉಳಿತಾಯ. ಚೌಕಳಿ ಬಾವುಟದ ಕೆಳಗೆ ಇಬ್ಬರ ಮುಂಗಾಲಿಯೂ ಒಂದೇ ಸಾಲಿನಲ್ಲಿದ್ದಂತೆ ಕಂಡಿತು. ಫಲಿತಾಂಶವನ್ನು ಬೈಕಿಗೆ ಕಟ್ಟಿದ ಪುಟ್ಟ ಯಂತ್ರ ಹೇಳಬೇಕು, ಸೆಕೆಂಡಿನ ಸಾವಿರದ ಭಾಗದಲ್ಲಿ. ಸೂಟು ಬೆವರಿನಿಂದ ತೊಯ್ದಿದ್ದ ಇಬ್ಬರೂ ಹೆಲ್ಮೆಟ್ ತೆಗೆಯುವ ಮುಂಚೆಯೇ ಒಬ್ಬರ ಹೆಗಲು ಒಬ್ಬರು ತಟ್ಟಿಕೊಂಡರು.

ರೇಸ್ ಮುಗಿದ ಕೂಡಲೇ ಗೆದ್ದವರ ಬೈಕು ಅವರ ಕೈಗೆ ಸಿಗುವುದಿಲ್ಲ. ಬೇಲಿ ಹಾಕಿದ ಒಂದು ಜಾಗದಲ್ಲಿ ನಿಲ್ಲಿಸಿ ಮತ್ತೆ ತಪಾಸಣೆ ಮಾಡುತ್ತಾರೆ. ತಕರಾರು ಸಲ್ಲಿಸಲು ಕೊಟ್ಟ ಅವಧಿ ಕಳೆಯುವ ತನಕ ಗೋಡೆಗೆ ಅಂಟಿಸಿದ ಫಲಿತಾಂಶದ ಹಾಳೆಯ ಮೇಲೆ 'ತಾತ್ಕಾಲಿಕ' ಎಂದೇ ಇರುತ್ತದೆ. ಹುಬ್ಬಳ್ಳಿಯ ಮೆಕ್ಯಾನಿಕ್ ಆ ಹಾಳೆಯ ಮುಂದೆ ನಿಂತಿದ್ದರು. ಅವರ ಸವಾರ ಗುಂಪಿನ ನಡುವೆ ಎಲ್ಲೋ ಮುಗಿಸಿದ್ದ, ಆದರೆ ಹಿಂದಿನ ಸುತ್ತಿಗಿಂತ ಒಂದು ಲ್ಯಾಪಿಗೆ ಒಂದೂವರೆ ಸೆಕೆಂಡ್ ಇಳಿಸಿದ್ದ. ಅದನ್ನು ಹೇಳುವಾಗ ಅವರ ಮುಖ ಅರಳಿತ್ತು.

ನಮ್ಮ ಕಡೆಯ ಹುಡುಗನೊಬ್ಬ ಈ ಕೆಲಸಕ್ಕೆ ಇಳಿಯಬೇಕೆಂದರೆ ಮೊದಲು ಏನು ಮಾಡಬೇಕು ಅಂತ ಕೇಳಿದೆ. ಅವರು ಬೆರಳು ಮಡಚುತ್ತ ಹೇಳಿದರು: "ಮೊದ್ಲ ತರಬೇತಿ ಶಾಲಿಗೆ ಹಾಕ್ರಿ. ಆಮೇಲೆ ಡಾಕ್ಟರ್ ಸರ್ಟಿಫಿಕೇಟ್, ಫೆಡರೇಷನ್ ಲೈಸೆನ್ಸ್. ಸಣ್ಣಾವ ಇದ್ರ ಅಪ್ಪ-ಅವ್ವನ ಸಹಿ ಬೇಕಾಗ್ತದ. ಕಂಪನಿಯವ್ರು ಹೊಸಬ್ರನ್ನ ಆರಿಸಾಕ ಕ್ಯಾಂಪ್ ಇಡ್ತಾರ, ಅಲ್ಲಿ ಬೈಕ್ ಅವ್ರದ, ಟೈರ್ ಅವ್ರದ. ಬಡವ್ರ ಮಕ್ಳಿಗೆ ಅದೊಂದ ದಾರಿ ನೋಡ್ರಿ. ಗಾಡಿ ಕೊಡ್ಸೂದಕಿಂತ ಮೊದ್ಲ ಒಳ್ಳೆ ಹೆಲ್ಮೆಟ್ ಕೊಡಸ್ರಿ."

ಅಷ್ಟರಲ್ಲಿ ವ್ಯಾನಿನವನು ಹಾರ್ನ್ ಹಾಕಿದ. ಬೈಕನ್ನು ಹಲಗೆಯ ಮೇಲೆ ಹತ್ತಿಸಿ ಹಗ್ಗ ಬಿಗಿಯಲು ನಾನೂ ಕೈ ಕೊಟ್ಟೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಗ್ಯಾರೇಜ್ ತೆರೆಯಬೇಕು, ಗಿರಾಕಿಯ ಸ್ಕೂಟರೊಂದರ ಕ್ಲಚ್ ಕೆಲಸ ಬಾಕಿ ಇದೆಯಂತೆ.